ಕೆಲಸ ಹೋಯ್ತು, ವೀಸಾ ಉಳೀಬೇಕು: 60 ದಿನದ ಲೆಕ್ಕ ಕೊನೆಯಿಂದ ಹಾಕಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ನಾನು ಹಾಸನದವಳು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಅಮೆರಿಕದಲ್ಲಿ ಎಂ.ಎಸ್. ಮುಗಿಸಿ, 2018ರ ಅಕ್ಟೋಬರ್‌ನಿಂದ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡ್ತಾ ಇದ್ದೀನಿ. 2023ರ ಜನವರಿಯಲ್ಲಿ ನನ್ನ ಕೆಲಸ ಹೋಯ್ತು. ಮಾರ್ಚ್‌ನಲ್ಲಿ ಇನ್ನೊಂದು ಸಿಕ್ತು. ಮಧ್ಯದ ಆ ದಿನಗಳಲ್ಲಿ ಏನೇನು ಮಾಡಿದ್ರಿ ಅಂತ ತುಂಬಾ ಜನ ಕೇಳ್ತಾರೆ. ಅದಕ್ಕೇ ಈ ಮಾತು.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ಎಚ್-1ಬಿಯಲ್ಲಿ ಕೆಲಸ ಹೋದ್ರೆ 60 ದಿನ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. ಮಾತು ನಿಜ. ಆದ್ರೆ ಕೆಲಸ ಹುಡುಕೋಕೆ 60 ದಿನ ಇಲ್ಲ. ಸುಮಾರು 40 ಇದೆ. ಉಳಿದ 20 ದಿನ ಕಾಗದ ಪತ್ರದ ಪಾಲು. ಈ ಒಂದು ವ್ಯತ್ಯಾಸ ಗೊತ್ತಿರೋರು ಮೊದಲ ವಾರದಲ್ಲಿ ಮಾಡೋ ಕೆಲಸನ, ಗೊತ್ತಿಲ್ಲದೋರು ಐದನೇ ವಾರದಲ್ಲಿ ಮಾಡ್ತಾರೆ.

60 ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತೆ

ಈ ಗ್ರೇಸ್ ಪೀರಿಯಡ್ ಹಳೇ ಕಾಲದ್ದಲ್ಲ. 2017ರ ಜನವರಿ 17ರಿಂದ ಜಾರಿಗೆ ಬಂದ ನಿಯಮ ಇದು. ಅದಕ್ಕೆ ಮುಂಚೆ ಕೆಲಸ ಹೋದವರಿಗೆ ಇಂಥ ನಿಗದಿತ ಅವಧಿಯೇ ಇರಲಿಲ್ಲ. ಈಗಲೂ ನಿಯಮದ ಮಾತು 60 ದಿನ ಅಂತಲ್ಲ, 'ಗರಿಷ್ಠ 60 ದಿನ' ಅಂತ. ನಿಮ್ಮ ಐ-94 ಅದಕ್ಕಿಂತ ಮುಂಚೆ ಮುಗಿಯೋದಾದ್ರೆ, ಆ ದಿನಕ್ಕೇ ನಿಮ್ಮ ಲೆಕ್ಕವೂ ಮುಗೀತು. ಐ-94 ಅಂದ್ರೆ ನೀವು ಎಷ್ಟು ದಿನ ದೇಶದಲ್ಲಿ ಇರಬಹುದು ಅಂತ ಹೇಳೋ ದಾಖಲೆ. ಪಾಸ್‌ಪೋರ್ಟ್‌ನಲ್ಲಿರೋ ವೀಸಾ ಸ್ಟಾಂಪ್ ನೋಡಿ ಎಣಿಸಬೇಡಿ, ಐ-94 ನೋಡಿ.

ಎಣಿಕೆ ಶುರುವಾಗೋದು ಕೆಲಸದ ಕೊನೇ ದಿನದ ಮಾರನೇ ದಿನದಿಂದ. ಆ ಕೊನೇ ದಿನ ಯಾವುದು ಅನ್ನೋದನ್ನ ಸಾಮಾನ್ಯವಾಗಿ ಸಂಬಳ ಬಂದ ಕೊನೇ ದಿನದ ಮೇಲೆ ತೀರ್ಮಾನ ಮಾಡ್ತಾರೆ. ಮೂರು ತಿಂಗಳ ಸಂಬಳ ಒಟ್ಟಿಗೆ ಪರಿಹಾರ ಅಂತ ಕೊಟ್ರಲ್ಲ, ಅಂದ್ಮೇಲೆ ಮೂರು ತಿಂಗಳು ಮುಂದಕ್ಕೆ ಹೋಗುತ್ತೆ ಅಂತ ಕೆಲವರು ಅಂದ್ಕೊಳ್ತಾರೆ. ಹೋಗಲ್ಲ. ಪರಿಹಾರದ ದುಡ್ಡು ಬೇರೆ, ಕೆಲಸದಲ್ಲಿ ಇರೋದು ಬೇರೆ.

ಇನ್ನೊಂದು ಗೊಂದಲ. ಅಮೆರಿಕದಲ್ಲಿ ಕೆಲಸ ಹೋದಾಗ ಮೂರು ಬೇರೆ ಬೇರೆ 60 ಕಿವಿಗೆ ಬೀಳುತ್ತೆ. ಒಂದು, ಈಗ ಹೇಳಿದ ವೀಸಾದ 60. ಎರಡನೇದು, ವಾರ್ನ್ ಕಾಯ್ದೆಯ 60. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರೋ ಕಂಪನಿ ದೊಡ್ಡ ಮಟ್ಟದಲ್ಲಿ ಜನರನ್ನ ತೆಗೆದುಹಾಕುವಾಗ 60 ದಿನ ಮುಂಚೆ ನೋಟಿಸ್ ಕೊಡಬೇಕು ಅನ್ನೋ ಕಾನೂನು. ಕೆಲವು ಕಂಪನಿಗಳು ಆ ದಿನಗಳಲ್ಲಿ ಕೆಲಸ ಕೊಡದೆ ಸಂಬಳ ಮಾತ್ರ ಕೊಡ್ತಾವೆ. ಆಗ ವೀಸಾದ ಎಣಿಕೆ ಯಾವತ್ತಿಂದ ಅನ್ನೋದು ನಿಮ್ಮ ಕಾಗದದಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಹೋಗುತ್ತೆ. ಊಹೆ ಮಾಡದೆ ಲಾಯರ್‌ಗೆ ಆ ಕಾಗದ ತೋರಿಸಿ. ಮೂರನೇ 60, ಆರೋಗ್ಯ ವಿಮೆಯದ್ದು. ಅದಕ್ಕೆ ಆಮೇಲೆ ಬರ್ತೀನಿ.

ಕೊನೆಯಿಂದ ಎಣಿಸೋದು ಹೇಗೆ

ನನ್ನದೇ ಲೆಕ್ಕ ಹೇಳ್ತೀನಿ. ಸಂಬಳದ ಕೊನೇ ದಿನ ಜನವರಿ 10. ಜನವರಿ 11 ಮೊದಲನೇ ದಿನ. 60ನೇ ದಿನ ಮಾರ್ಚ್ 11. ಆ ವರ್ಷ ಅದು ಶನಿವಾರ. ಹಾಗಾಗಿ ನಾವು ಮಾರ್ಚ್ 10, ಶುಕ್ರವಾರ ಅಂತಲೇ ಗೋಡೆ ಮೇಲೆ ಬರೆದಿಟ್ವಿ.

ಆ ದಿನದೊಳಗೆ ಏನಾಗಿರಬೇಕು? ಕೆಲಸ ಸಿಕ್ಕಿದ್ರೆ ಸಾಲದು. ಆಫರ್ ಲೆಟರ್ ಬಂದಿದ್ರೂ ಸಾಲದು. ಹೊಸ ಕಂಪನಿ ನಿಮ್ಮ ಹೆಸರಲ್ಲಿ ಹಾಕೋ ಎಚ್-1ಬಿ ಅರ್ಜಿ ವಲಸೆ ಇಲಾಖೆಗೆ, ಅಂದ್ರೆ ಯುಎಸ್‌ಸಿಐಎಸ್‌ಗೆ, ತಲುಪಿರಬೇಕು. ಕಳಿಸಿದ ದಿನ ಲೆಕ್ಕಕ್ಕಿಲ್ಲ, ತಲುಪಿದ ದಿನ ಲೆಕ್ಕ.

ಅದಕ್ಕೆ ಮುಂಚೆ ಇನ್ನೊಂದು ಹಂತ ಇದೆ. ಹೊಸ ಕಂಪನಿ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನೋ ಒಪ್ಪಿಗೆ ತಗೋಬೇಕು. ಈ ಕೆಲಸಕ್ಕೆ, ಈ ಊರಲ್ಲಿ, ಇಷ್ಟು ಸಂಬಳ ಕೊಡ್ತೀವಿ ಅಂತ ಬರೆದುಕೊಡೋ ಕಾಗದ ಅದು. ಇಲಾಖೆ ಇದಕ್ಕೆ 7 ಕೆಲಸದ ದಿನ ತಗೊಳ್ಳುತ್ತೆ. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕೆ ಬರಲ್ಲ. ಮೊದಲ ಸಲ ಎಲ್‌ಸಿಎ ಹಾಕೋ ಸಣ್ಣ ಕಂಪನಿಯಾದ್ರೆ, ಅವರ ತೆರಿಗೆ ಸಂಖ್ಯೆ ಪರಿಶೀಲನೆಗೆ ಇನ್ನೂ ಕೆಲವು ದಿನ ಹಿಡಿಯಬಹುದು. ಆಮೇಲೆ ಲಾಯರ್ ನಿಮ್ಮ ಡಿಗ್ರಿ, ಪೇ ಸ್ಟಬ್, ಹಳೇ ಅನುಮೋದನೆ ಪತ್ರ ಎಲ್ಲ ಸೇರಿಸಿ ಅರ್ಜಿ ಸಿದ್ಧ ಮಾಡಬೇಕು, ಕಂಪನಿಯವರು ಸಹಿ ಹಾಕಬೇಕು, ಅದು ತಲುಪಬೇಕು.

ಇದೆಲ್ಲ ಸೇರಿ ಸುಮಾರು 20 ದಿನ ಇಟ್ಕೊಳ್ಳಿ. ಮಾರ್ಚ್ 10ರಿಂದ ಹಿಂದಕ್ಕೆ ಬಂದ್ರೆ ಫೆಬ್ರವರಿ 20ರ ಒಳಗೆ ಆಫರ್ ಕೈಯಲ್ಲಿರಬೇಕು. ಅದು 41ನೇ ದಿನ. ಇಂಟರ್‌ವ್ಯೂ ನಾಲ್ಕೈದು ಸುತ್ತು ಅಂದ್ರೆ ಮೂರು ನಾಲ್ಕು ವಾರ. ಅಂದ್ರೆ ಆ ಕಂಪನಿಯ ಜೊತೆ ಮೊದಲ ಮಾತುಕತೆ ಎರಡನೇ ವಾರದೊಳಗೇ ಶುರುವಾಗಿರಬೇಕು. 'ಒಂದು ವಾರ ಮನಸ್ಸು ಸುಧಾರಿಸಿಕೊಳ್ತೀನಿ, ಆಮೇಲೆ ರೆಸ್ಯೂಮೆ ಮುಟ್ತೀನಿ' ಅನ್ನೋ ಸೌಕರ್ಯ ಈ ಲೆಕ್ಕದಲ್ಲಿ ಇಲ್ಲ. ಬೇಜಾರಿನ ಮಾತು, ಆದ್ರೆ ಹಾಗೇ ಇದೆ.

ಒಂದು ಸಮಾಧಾನ ಇದೆ. ಒಮ್ಮೆ ಎಚ್-1ಬಿ ಲಾಟರಿಯಲ್ಲಿ ಬಂದವರು ಮತ್ತೆ ಲಾಟರಿಗೆ ನಿಲ್ಲಬೇಕಾಗಿಲ್ಲ. ವರ್ಷಕ್ಕೆ 85,000 ಅನ್ನೋ ಮಿತಿ ಇದೆಯಲ್ಲ, ಅದರಲ್ಲಿ ನಿಮ್ಮ ಹೆಸರು ಆಗಲೇ ಎಣಿಕೆಯಾಗಿದೆ. ನಿಮ್ಮ ಆರು ವರ್ಷದಲ್ಲಿ ಉಳಿದಿರೋ ಅವಧಿ ಹೊಸ ಕಂಪನಿಯಲ್ಲಿ ಮುಂದುವರಿಯುತ್ತೆ. ಗ್ರೇಸ್ ಪೀರಿಯಡ್ ಒಳಗೆ ಅರ್ಜಿ ತಲುಪಿದ್ರೆ, ಅನುಮೋದನೆ ಬರೋವರೆಗೂ ಕಾಯದೆ ಹೊಸ ಕೆಲಸ ಶುರು ಮಾಡಬಹುದು. ರಸೀದಿ ಬರಲಿ, ಆಮೇಲೆ ಶುರು ಮಾಡಿ ಅಂತ ಲಾಯರ್‌ಗಳು ಸಾಮಾನ್ಯವಾಗಿ ಹೇಳ್ತಾರೆ. ನಾವೂ ಹಾಗೇ ಮಾಡಿದ್ವಿ.

ಆ ದಿನ ಸಹಿ ಹಾಕೋಕೆ ಮುಂಚೆ

ನನ್ನ ಮನೆ ಸ್ಥಿತಿ ಹೇಳ್ತೀನಿ. ಆಗ ಟೆಕ್ಸಾಸ್‌ನ ಡಲ್ಲಾಸ್ ಪಕ್ಕದಲ್ಲಿ ಇದ್ವಿ. ನಮ್ಮನೆಯವರು ಎಚ್-4, ಅಂದ್ರೆ ನನ್ನ ವೀಸಾ ಆಸರೆಯಲ್ಲಿ ಇರೋದು. ನನ್ನ ಐ-140 ಇನ್ನೂ ಆಗಿರಲಿಲ್ಲ, ಹಾಗಾಗಿ ಅವರಿಗೆ ಕೆಲಸ ಮಾಡೋ ಪರವಾನಗಿ ಇಲ್ಲ. ಮಗಳಿಗೆ ನಾಲ್ಕು ವರ್ಷ, ಅಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಅವಳು ಎಷ್ಟು ವರ್ಷ ಬೇಕಾದ್ರೂ ಇರಬಹುದು, ಅವಳ ಅಪ್ಪ ಅಮ್ಮ ಮಾರ್ಚ್ 11ರವರೆಗೆ. ಕಾರಿನ ಕಂತು ನಡೀತಾ ಇತ್ತು, ಮನೆ ಬಾಡಿಗೆ ಕರಾರು ಜುಲೈವರೆಗೆ.

ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್. ಅದು ಮುಗಿಯೋಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್. ಸಂಜೆಗೆ ಸಹಿ ಹಾಕೋಕೆ ಕಾಗದ ಬಂತು. ಅದರಲ್ಲಿ ಒಂದು ಕಡೆ 'ಸ್ವಇಚ್ಛೆಯಿಂದ' ಅನ್ನೋ ಅರ್ಥದ ಪದ ಇತ್ತು. ನಾನು ಸಹಿ ಹಾಕದೆ ಎಚ್‌ಆರ್‌ಗೆ ಇಮೇಲ್ ಬರೆದೆ: ನಾನು ರಾಜೀನಾಮೆ ಕೊಟ್ಟಿಲ್ಲ, ನೀವು ತೆಗೆದಿದ್ದೀರಿ, ಕಾಗದದಲ್ಲಿ ಹಾಗೇ ಇರಲಿ. ಎರಡು ದಿನದಲ್ಲಿ ತಿದ್ದಿ ಕಳಿಸಿದ್ರು.

ಇದು ಬರೀ ಸ್ವಾಭಿಮಾನದ ಪ್ರಶ್ನೆ ಅಲ್ಲ. ಎಚ್-1ಬಿ ಅವಧಿ ಮುಗಿಯೋಕೆ ಮುಂಚೆ ಕಂಪನಿಯೇ ತೆಗೆದ್ರೆ, ನೀವು ಊರಿಗೆ ವಾಪಸ್ ಹೋಗೋ ಪ್ರಯಾಣದ ನ್ಯಾಯವಾದ ಖರ್ಚನ್ನ ಕಂಪನಿ ಕೊಡಬೇಕು. ಅದು ನಿಮ್ಮ ಒಬ್ಬರ ಖರ್ಚು, ಮನೆಯವರದ್ದಲ್ಲ. ರಾಜೀನಾಮೆ ಅಂತಾದ್ರೆ ಆ ಹೊಣೆ ಅವರಿಗಿಲ್ಲ. 60 ದಿನದ ಗ್ರೇಸ್ ಎರಡೂ ಸಂದರ್ಭದಲ್ಲಿ ಇರುತ್ತೆ, ಆದ್ರೆ ಟಿಕೆಟ್ ದುಡ್ಡು ಒಂದರಲ್ಲಿ ಮಾತ್ರ.

ಅದೇ ದಿನ ಎಚ್‌ಆರ್‌ಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಸಂಬಳದ ಕೊನೇ ದಿನಾಂಕ ಯಾವುದು, ಇಮೇಲ್‌ನಲ್ಲಿ ಬರೆದುಕೊಡಿ. ಆರೋಗ್ಯ ವಿಮೆ ಯಾವತ್ತಿನವರೆಗೆ? ಗ್ರೀನ್ ಕಾರ್ಡ್ ಅರ್ಜಿ ನಡೀತಾ ಇದ್ರೆ ಅದರ ಸ್ಥಿತಿ ಏನು, ಐ-140 ಪ್ರತಿ ಸಿಗುತ್ತಾ?

ಐ-140 ಇರೋರಿಗೆ ಒಂದು ಮಾತು. ಅದು ಅನುಮೋದನೆಯಾಗಿ 180 ದಿನ ಕಳೆದಿದ್ರೆ, ಹಳೇ ಕಂಪನಿ ವಾಪಸ್ ತಗೊಂಡ್ರೂ ಪ್ರಯಾರಿಟಿ ಡೇಟ್ ನಿಮ್ಮದೇ. ಆರು ವರ್ಷದ ಆಚೆಗೆ ಎಚ್-1ಬಿ ವಿಸ್ತರಣೆಗೂ ಅದು ಉಪಯೋಗಕ್ಕೆ ಬರುತ್ತೆ. ಭಾರತದವರ ಸರದಿ ಎಷ್ಟು ಉದ್ದ ಇದೆ ಅಂತ ನಿಮಗೆ ಗೊತ್ತು. ಒಂದು ದೇಶಕ್ಕೆ 7 ಪರ್ಸೆಂಟ್ ಅನ್ನೋ ಮಿತಿಯಲ್ಲಿ ವರ್ಷಗಟ್ಟಲೆ ಕಾದು ಉಳಿಸಿಕೊಂಡ ಆ ದಿನಾಂಕ ಕೆಲಸದ ಜೊತೆ ಹೋಗಲ್ಲ.

ಈಗ ಮೂರನೇ 60. ಇಪ್ಪತ್ತು ಅಥವಾ ಹೆಚ್ಚು ಜನರಿರೋ ಕಂಪನಿಯಾದ್ರೆ ಕೋಬ್ರಾ ಅನ್ನೋ ಕಾನೂನಿನಲ್ಲಿ ಅದೇ ವಿಮೆಯನ್ನ ನಮ್ಮ ದುಡ್ಡಲ್ಲಿ ಮುಂದುವರಿಸಬಹುದು. ಕಂಪನಿ ಕಟ್ತಾ ಇದ್ದ ಪಾಲೂ ನಮ್ಮ ಮೇಲೆ ಬರುತ್ತೆ, ಹಾಗಾಗಿ ದುಬಾರಿ. ನಮ್ಮ ಮೂವರಿಗೆ ತಿಂಗಳಿಗೆ ಬಂದ ಅಂಕಿ ನೋಡಿ ನಮ್ಮನೆಯವರು ಸೊನ್ನೆ ಒಂದು ಜಾಸ್ತಿ ಬಿದ್ದಿದೆಯಾ ಅಂತ ಕೇಳಿದ್ರು. ಆದ್ರೆ ಬೇಕೋ ಬೇಡವೋ ಅಂತ ಹೇಳೋಕೆ ಕನಿಷ್ಠ 60 ದಿನ ಸಮಯ ಇರುತ್ತೆ, ತಗೊಂಡ್ರೆ ವಿಮೆ ನಿಂತ ದಿನದಿಂದಲೇ ಲೆಕ್ಕ, ಆ ದಿನದಿಂದಲೇ ಕಂತೂ ಕಟ್ಟಬೇಕು. ಸರ್ಕಾರಿ ಮಾರುಕಟ್ಟೆಯಲ್ಲಿ ಬೇರೆ ವಿಮೆ ಕೊಳ್ಳೋಕೂ ವಿಶೇಷ ಅವಧಿ 60 ದಿನವೇ. ಎರಡರ ಬೆಲೆ ಹೋಲಿಸಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಯಾರಿಗೆ ಹೇಳೋದು

ನಮ್ಮ ಕಡೆಯವರಿಗೆ ಅತ್ಯಂತ ಕಷ್ಟದ ಭಾಗ ಇದು. ಕಾಗದ ಪತ್ರಕ್ಕಿಂತ ಕಷ್ಟ. ಊರಲ್ಲಿ ಅಪ್ಪ ಅಮ್ಮ ನಾಲ್ಕು ಜನರ ಮುಂದೆ 'ಮಗಳು ಅಮೆರಿಕದಲ್ಲಿ' ಅಂತ ಹೇಳಿಕೊಂಡಿರ್ತಾರೆ. ಅವರಿಗೆ ಹೇಗೆ ಹೇಳೋದು? ಇಲ್ಲಿ ಕನ್ನಡ ಕೂಟದಲ್ಲಿ ಪ್ರತಿ ಹಬ್ಬಕ್ಕೂ ಸಿಗೋ ಜನರಿಗೆ ಏನಂತ ಹೇಳೋದು?

ನನಗೆ ಗೊತ್ತಿರೋ ಒಬ್ಬ ಹುಡುಗ, ಹೆಸರು ಬೇಡ, ಕೆಲಸ ಹೋಗಿ 25 ದಿನ ಯಾರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಲೈಬ್ರರಿಗೆ ಹೋಗಿ ಕೂತು ಅರ್ಜಿ ಹಾಕ್ತಾ ಇದ್ದ. ನೂರಾರು ಅರ್ಜಿ. ಅವನು ಇದ್ದ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲೇ ಒಬ್ಬರು, ಅವನು ಮಾಡೋ ಕೆಲಸಕ್ಕೇ ಜನ ಹುಡುಕ್ತಾ ಇದ್ರು. ಅದು ಅವನಿಗೆ ಗೊತ್ತಾಗೋ ಹೊತ್ತಿಗೆ ಜಾಗ ತುಂಬಿತ್ತು. ಅವನು ಈಗ ಬೆಂಗಳೂರಲ್ಲಿದ್ದಾನೆ, ಚೆನ್ನಾಗಿದ್ದಾನೆ. ಆದ್ರೆ ಆ 25 ದಿನ ಅವನಿಗೆ ಯಾವ ನಿಯಮವೂ ವಾಪಸ್ ಕೊಡಲಿಲ್ಲ.

ನಾನು ಎರಡನೇ ದಿನವೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಇದ್ದು ರಿಟೈರ್ ಆದವರು. ಜೀವನ ಪೂರ್ತಿ ಡ್ಯೂಟಿ ಪಟ್ಟಿ, ರಜೆ ಪಟ್ಟಿ ನೋಡಿದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೊನೇ ದಿನ ಯಾವತ್ತಮ್ಮಾ?' ಅಂತ ಕೇಳಿದ್ರು. ಮಾರ್ಚ್ 11 ಅಂದೆ. 'ಹಾಗಾದ್ರೆ ಮಾರ್ಚ್ ಮೊದಲನೇ ವಾರ ಟಿಕೆಟ್ ಎಷ್ಟಾಗುತ್ತೆ ಅಂತ ಈಗಲೇ ನೋಡಿಟ್ಕೋ. ಬುಕ್ ಮಾಡ್ಬೇಡ, ನೋಡಿಟ್ಕೋ. ಮೇಲಿನ ರೂಮಿಗೆ ಸುಣ್ಣ ಹೊಡೆಸ್ತೀನಿ. ಬಂದ್ರೆ ಇರೋಕಾಯ್ತು, ಬರದಿದ್ರೆ ಹಬ್ಬಕ್ಕಾಯ್ತು' ಅಂದ್ರು. ಅಮ್ಮ ಹಿಂದಿನಿಂದ 'ಯಾರಿಗೂ ಹೇಳ್ಬೇಡಿ' ಅಂತಿದ್ರು. ಅಪ್ಪ 'ಹೇಳ್ದೆ ಹೆಂಗೆ ಕೆಲ್ಸ ಸಿಗುತ್ತೆ ಕಣೇ' ಅಂದ್ರು.

ಆ ಫೋನ್ ಆದ್ಮೇಲೆ ನನಗೆ ಒಂದು ಅನುಕೂಲ ಆಯ್ತು. 60ನೇ ದಿನ ಏನಾಗುತ್ತೆ ಅನ್ನೋದಕ್ಕೆ ಉತ್ತರ ಸಿಕ್ಕಿಬಿಟ್ಟಿತ್ತು: ಹಾಸನದಲ್ಲಿ ಸುಣ್ಣ ಹೊಡೆದ ರೂಮ್. ಅದಕ್ಕಿಂತ ಕೆಟ್ಟದ್ದೇನೂ ಆಗಲ್ಲ. ಆಮೇಲೆ ಇಂಟರ್‌ವ್ಯೂಗೆ ಕೂತಾಗ ಕೈ ನಡುಗಲಿಲ್ಲ.

ನಾನು ಮಾಡಿದ್ದು

ಅಂಕಿ ಅಂಶ ನೆನಪಿಸ್ಕೊಳ್ಳಿ. 2023ರ ಆ ಜನವರಿಯಲ್ಲಿ ಅಮೆಜಾನ್ 18,000, ಮೈಕ್ರೋಸಾಫ್ಟ್ 10,000, ಗೂಗಲ್ 12,000 ಕೆಲಸ ತೆಗೀತೀವಿ ಅಂತ ಘೋಷಣೆ ಮಾಡಿದ್ವು. ಅದಕ್ಕೆ ಎರಡು ತಿಂಗಳ ಮುಂಚೆ ಮೆಟಾ 11,000. ಅಷ್ಟೂ ಜನ ಅದೇ ಜಾಬ್ ಪೋರ್ಟಲ್‌ಗಳಲ್ಲಿ ಅರ್ಜಿ ಹಾಕ್ತಾ ಇದ್ರು. ಆ ಸಾಲಲ್ಲಿ ನನ್ನ ರೆಸ್ಯೂಮೆ ಯಾರ ಕಣ್ಣಿಗೆ ಬೀಳಬೇಕು?

ಹಾಗಾಗಿ ನಾನು ಒಂದು ಪಟ್ಟಿ ಮಾಡಿದೆ. ಇದುವರೆಗೆ ಜೊತೆಗೆ ಕೆಲಸ ಮಾಡಿದವರು, ಓದಿದವರು, ಕೂಟದಲ್ಲಿ ಪರಿಚಯ ಆದವರು. 64 ಹೆಸರಾಯ್ತು. ಪ್ರತಿಯೊಬ್ಬರಿಗೂ ಮೂರೇ ಸಾಲು ಬರೆದೆ. ನಾನು ಏನು ಕೆಲಸ ಮಾಡ್ತೀನಿ. ನನಗೆ ಬೇಕಿರೋದು ಎಚ್-1ಬಿ ಟ್ರಾನ್ಸ್‌ಫರ್, ಲಾಟರಿ ಬೇಕಿಲ್ಲ. ಫೆಬ್ರವರಿ 20ರೊಳಗೆ ಆಫರ್ ಆಗಬೇಕು. 'ಏನಾದ್ರೂ ಇದ್ರೆ ಹೇಳಿ' ಅಂತ ಬರೆದ್ರೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗಲ್ಲ. ದಿನಾಂಕ ಬರೆದ್ರೆ ಜನ ಅವತ್ತೇ ಯೋಚನೆ ಮಾಡ್ತಾರೆ.

'ಟ್ರಾನ್ಸ್‌ಫರ್' ಅನ್ನೋ ಪದ ಯಾಕೆ ಮುಖ್ಯ ಅಂದ್ರೆ, ಸಣ್ಣ ಕಂಪನಿಗಳಲ್ಲಿ ಎಚ್-1ಬಿ ಅಂದ ತಕ್ಷಣ ಲಾಟರಿ, ಅಕ್ಟೋಬರ್‌ವರೆಗೆ ಕಾಯೋದು ಅಂತೆಲ್ಲ ಹೆದರಿಕೊಳ್ತಾರೆ. ಮೊದಲ ಮಾತಲ್ಲೇ ಆ ಹೆದರಿಕೆ ತೆಗೀಬೇಕು. ಹಾಗೇ, ಅರ್ಜಿಯಲ್ಲಿ 'ಸ್ಪಾನ್ಸರ್‌ಶಿಪ್ ಬೇಕಾ' ಅಂತ ಕೇಳಿದ್ರೆ ಬೇಕು ಅಂತಲೇ ಬರೀರಿ. ಇಲ್ಲ ಅಂತ ಬರೆದ್ರೆ ಐದು ಸುತ್ತು ದಾಟಿ ಕೊನೆಗೆ ಆಫರ್ ರದ್ದಾಗುತ್ತೆ. ಆಗ ಹೋಗೋದು ಆ ಕೆಲಸ ಮಾತ್ರ ಅಲ್ಲ, ಮೂರು ವಾರವೂ ಹೋಗುತ್ತೆ.

ಜನವರಿ 21ರಂದು, 11ನೇ ದಿನ, ನಮ್ಮ ಊರಿನ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮ. ಹೋಗೋದೇ ಬೇಡ ಅಂತ ನಮ್ಮನೆಯವರು ಅಂದ್ರು. ನಾನು ಎಳ್ಳು ಬೆಲ್ಲದ ಡಬ್ಬಿ ತಗೊಂಡು ಹೋದೆ. ಎಳ್ಳು ಕೊಡ್ತಾ ಕೊಡ್ತಾ 'ಅಕ್ಕಾ, ನನ್ನ ಕೆಲಸ ಹೋಗಿದೆ, ಟೆಸ್ಟಿಂಗ್‌ನಲ್ಲಿ ಏನಾದ್ರೂ ಕಿವಿಗೆ ಬಿದ್ರೆ ಹೇಳಿ' ಅಂತ ಹೇಳಿದೆ. ಕೆಲವರು 'ಅಯ್ಯೋ' ಅಂದು ಸುಮ್ಮನಾದ್ರು. ಒಬ್ಬರು ಅಕ್ಕ ಮಾತ್ರ ಅಲ್ಲೇ ಫೋನ್ ತೆಗೆದು ತಮ್ಮ ಮೈದುನನಿಗೆ ಮೆಸೇಜ್ ಹಾಕಿದ್ರು. ಅವರು ಓಹಾಯೋದ ಕೊಲಂಬಸ್‌ನಲ್ಲಿ, ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋ ಸಣ್ಣ ಕಂಪನಿಯಲ್ಲಿ ಇದ್ರು.

ಐದು ಸುತ್ತು ಇಂಟರ್‌ವ್ಯೂ. ಪ್ರತಿ ಸುತ್ತು ಆದ್ಮೇಲೂ ನಾನು ಮರ್ಯಾದೆಯಿಂದಲೇ ದಿನಾಂಕ ನೆನಪಿಸಿದೆ. ಫೆಬ್ರವರಿ 16, 37ನೇ ದಿನ, ಆಫರ್ ಬಂತು. ಹಳೇ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ನಾನು ಸಂಬಳದ ಬಗ್ಗೆ ಒಂದು ಸಲ ಕೇಳಿ ಬಿಟ್ಟೆ. ಜಾಸ್ತಿ ಹಿಡಿದಿದ್ದು ಬೇರೆ ಪ್ರಶ್ನೆ: ಗ್ರೀನ್ ಕಾರ್ಡ್ ಪ್ರಕ್ರಿಯೆ ಯಾವಾಗ ಶುರು ಮಾಡ್ತೀರಿ? ನನ್ನ ಆರು ವರ್ಷದಲ್ಲಿ ಉಳಿದಿದ್ದು ಒಂದೂಮುಕ್ಕಾಲು ವರ್ಷಕ್ಕಿಂತ ಕಡಿಮೆ. ಅಷ್ಟರೊಳಗೆ ಅದು ಸಾಕಷ್ಟು ಮುಂದೆ ಹೋಗದಿದ್ರೆ ಈ ಕೆಲಸವೂ 2024ಕ್ಕೆ ಮುಗೀತು. ಮೂರು ತಿಂಗಳಲ್ಲಿ ಶುರು ಮಾಡ್ತೀವಿ ಅಂತ ಬರೆದುಕೊಟ್ರು.

ಎಲ್‌ಸಿಎ ಫೆಬ್ರವರಿ 17ಕ್ಕೆ ಹೋಯ್ತು. 20 ಸರ್ಕಾರಿ ರಜೆ, ಪ್ರೆಸಿಡೆಂಟ್ಸ್ ಡೇ. ಒಪ್ಪಿಗೆ ಬರೋಕೆ ತಿಂಗಳ ಕೊನೆಯಾಯ್ತು. ಅರ್ಜಿ ಯುಎಸ್‌ಸಿಐಎಸ್ ತಲುಪಿದ್ದು ಮಾರ್ಚ್ 6, 55ನೇ ದಿನ. ಆಫರ್ ಬಂದ ದಿನದಿಂದ 18 ದಿನ. ನಾನು ಮೊದಲು 20 ದಿನ ಕಾಗದದ ಪಾಲು ಅಂದಿದ್ದು ಇದಕ್ಕೇ.

ಬೇಡ ಅಂದ ದಾರಿ, ಇಟ್ಕೊಂಡ ದಾರಿ

33ನೇ ದಿನ ಒಂದು ಫೋನ್ ಬಂತು. ಸಣ್ಣ ಕನ್ಸಲ್ಟೆನ್ಸಿ. 'ನಾಳೆಯೇ ನಿಮ್ಮ ಎಚ್-1ಬಿ ಫೈಲ್ ಮಾಡ್ತೀವಿ. ಖರ್ಚು ನೀವು ಕೊಡಿ. ಪ್ರಾಜೆಕ್ಟ್ ಸಿಗೋವರೆಗೆ ಸಂಬಳ ಇಲ್ಲ. ರೆಸ್ಯೂಮೆಯಲ್ಲಿ ಅನುಭವ ಸ್ವಲ್ಪ ಜಾಸ್ತಿ ಹಾಕೋಣ.' ನಾನು ಬೇಡ ಅಂದೆ. ಅಷ್ಟು ಸುಲಭವಾಗಿ ಅನ್ನಲಿಲ್ಲ, ಒಂದು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಬೇಡ ಅಂತ ತಿಳ್ಕೊಳ್ಳಿ. ಎಚ್-1ಬಿ ಅರ್ಜಿಯ ಖರ್ಚು ಕಂಪನಿಯ ಹೊಣೆ, ಅದನ್ನ ಕೆಲಸಗಾರರ ತಲೆ ಮೇಲೆ ಹಾಕೋ ಹಾಗಿಲ್ಲ. ಪ್ರಾಜೆಕ್ಟ್ ಇಲ್ಲ ಅಂತ ಸಂಬಳ ನಿಲ್ಲಿಸೋದೂ ಕಾನೂನಿಗೆ ವಿರುದ್ಧ. ಸಂಬಳ ಇಲ್ಲ ಅಂದ್ರೆ ಪೇ ಸ್ಟಬ್ ಇಲ್ಲ. ಮುಂದಿನ ಪ್ರತಿ ಅರ್ಜಿಯಲ್ಲೂ, ವೀಸಾ ಇಂಟರ್‌ವ್ಯೂನಲ್ಲೂ ಕೇಳೋದೇ ಪೇ ಸ್ಟಬ್. ಸುಳ್ಳು ಅನುಭವ ಹಾಕಿದ್ರೆ ಅದು ನಿಮ್ಮ ಹೆಸರಲ್ಲಿ ಶಾಶ್ವತವಾಗಿ ಉಳಿಯೋ ವಂಚನೆ. 60ನೇ ದಿನ ಊರಿಗೆ ಹೋದವರು ಮತ್ತೆ ಬರೋಕೆ ದಾರಿ ಇದೆ. ವಂಚನೆಯಲ್ಲಿ ಸಿಕ್ಕಿಬಿದ್ದವರಿಗೆ ಆ ದಾರಿ ಬಹುತೇಕ ಮುಚ್ಚಿಹೋಗುತ್ತೆ.

ಅದೇ ರೀತಿ, ಈ ದಿನಗಳಲ್ಲಿ ಕೈ ಖರ್ಚಿಗೆ ಅಂತ ಊಬರ್ ಓಡಿಸೋದು, ಫ್ರೀಲಾನ್ಸ್ ಮಾಡೋದು ಬೇಡ. ಗ್ರೇಸ್ ಪೀರಿಯಡ್ ದೇಶದಲ್ಲಿ ಇರೋಕೆ, ದುಡಿಯೋಕೆ ಅಲ್ಲ.

ಸರಿ, ಆಫರ್ ಬರದಿದ್ರೆ? ನಾನು ಐ-539 ಅನ್ನೋ ಅರ್ಜಿ ತುಂಬಿಟ್ಟಿದ್ದೆ. 50ನೇ ದಿನಕ್ಕೆ ಹಾಕೋದು ಅಂತ ಗುರುತು. ಅದು ಎಚ್-1ಬಿಯಿಂದ ಬಿ-2, ಅಂದ್ರೆ ಪ್ರವಾಸಿ ಸ್ಥಿತಿಗೆ ಬದಲಾಯಿಸೋ ಅರ್ಜಿ. 60 ದಿನದೊಳಗೆ ಸರಿಯಾದ ಕಾರಣ ಕೊಟ್ಟು ಹಾಕಿದ್ರೆ, ತೀರ್ಮಾನ ಬರೋವರೆಗೆ ಅಕ್ರಮ ವಾಸ ಅಂತ ಎಣಿಸಲ್ಲ. ಕೆಲಸ ಹುಡುಕಬಹುದು, ಇಂಟರ್‌ವ್ಯೂಗೆ ಹೋಗಬಹುದು, ಕೆಲಸ ಮಾತ್ರ ಮಾಡೋ ಹಾಗಿಲ್ಲ. ಆಮೇಲೆ ಕೆಲಸ ಸಿಕ್ಕಿದ್ರೆ ಎಚ್-1ಬಿ ಅನುಮೋದನೆ ಬಂದ ಮೇಲೇ ಶುರು ಮಾಡಬೇಕು. ಗಂಡ ಅಥವಾ ಹೆಂಡತಿ ಎಚ್-1ಬಿಯಲ್ಲಿ ಇದ್ರೆ ಬಿ-2 ಬದಲು ಎಚ್-4ಗೆ ಹೋಗಬಹುದು. ಐ-140 ಆಗಿ ಸರದಿಯಲ್ಲಿ ಕಾಯ್ತಾ ಇರೋರಿಗೆ, ತೀರಾ ಕಷ್ಟದ ಕಾರಣ ಇದ್ರೆ, ಒಂದು ವರ್ಷದ ಕೆಲಸದ ಪರವಾನಗಿ ಕೇಳೋ ದಾರಿಯೂ ಇದೆ.

ಊರಿಗೆ ಹೋಗೋದಾದ್ರೆ ವಿಮಾನ ಹತ್ತೋಕೆ ಮುಂಚೆ ಲಾಯರ್ ಹತ್ರ ಒಂದು ಸಲ ಮಾತಾಡಿ. ಒಮ್ಮೆ ದೇಶ ಬಿಟ್ರೆ ಉಳಿದ ಗ್ರೇಸ್ ದಿನಗಳು ನಿಮಗಾಗಿ ಕಾಯಲ್ಲ. ನಾನು ಹುಡುಕುವಾಗ ಇಲ್ಲದ ಒಂದು ವಿಷಯ ಆಮೇಲೆ ಸೇರಿದೆ: 2025ರ ಸೆಪ್ಟೆಂಬರ್‌ನ ಅಧ್ಯಕ್ಷರ ಘೋಷಣೆ. ಸೆಪ್ಟೆಂಬರ್ 21ರ ನಂತರ, ದೇಶದ ಹೊರಗಿದ್ದು ಚಾಲ್ತಿ ಎಚ್-1ಬಿ ವೀಸಾ ಇಲ್ಲದವರ ಹೊಸ ಅರ್ಜಿಗೆ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಅದು ಹೇಳಿತು. ದೇಶದೊಳಗೇ ಇದ್ದು, ಸ್ಥಿತಿ ಸರಿಯಿದ್ದು, ಕಂಪನಿ ಬದಲಾಯಿಸೋರಿಗೆ ಇದು ಅನ್ವಯಿಸಲ್ಲ ಅಂತ ಯುಎಸ್‌ಸಿಐಎಸ್ ಅಕ್ಟೋಬರ್‌ನಲ್ಲಿ ವಿವರಣೆ ಕೊಟ್ಟಿತು. ಅಂದ್ರೆ ಒಳಗಿದ್ದು ಟ್ರಾನ್ಸ್‌ಫರ್ ಮಾಡಿಸೋದಕ್ಕೂ, ಹೊರಗೆ ಹೋಗಿ ಮತ್ತೆ ಬರೋದಕ್ಕೂ ವ್ಯತ್ಯಾಸ ತುಂಬಾ ದೊಡ್ಡದಾಯ್ತು. ಇಂಥ ನಿಯಮ ಬದಲಾಗ್ತಾ ಇರುತ್ತೆ, ಹಾಗಾಗಿ ನೀವು ಹೊರಡೋ ದಿನದ ಸ್ಥಿತಿ ಕೇಳಿ ತಿಳ್ಕೊಳ್ಳಿ.

ಬೇರೆ ದೇಶದಲ್ಲಿ ಇರೋರು ಅಮೆರಿಕದ ಲೆಕ್ಕ ಹಾಕಬೇಡಿ. ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಸ್ಪಾನ್ಸರ್ ಇದ್ದ ಕೆಲಸ ಹೋದವರಿಗೆ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ 60 ದಿನ, ಆದ್ರೆ ಅಲ್ಲಿ ಎಣಿಕೆ ಹೋಮ್ ಆಫೀಸ್ ಪತ್ರಕ್ಕೆ ಸೇರಿಕೊಂಡಿರುತ್ತೆ.

ಕೆಲಸ ಇರೋರು ಇವತ್ತು ಮಾಡಬೇಕಾದ್ದು

ಲ್ಯಾಪ್‌ಟಾಪ್ ಲಾಕ್ ಆದ್ಮೇಲೆ ಏನೂ ಸಿಗಲ್ಲ. ಹಾಗಾಗಿ ಇವತ್ತೇ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇವಿಷ್ಟು ಇಟ್ಕೊಳ್ಳಿ: ಇದುವರೆಗಿನ ಎಲ್ಲ ಐ-797 ಅನುಮೋದನೆ ಪತ್ರ, ಈಗಿನ ಐ-94, ಕಳೆದ ಆರು ತಿಂಗಳ ಪೇ ಸ್ಟಬ್, ವರ್ಷದ ಡಬ್ಲ್ಯು-2, ಡಿಗ್ರಿ ಮತ್ತು ಮಾರ್ಕ್ಸ್ ಕಾರ್ಡ್, ಹಳೇ ಕಂಪನಿಗಳ ಅನುಭವ ಪತ್ರ. ಇವು ನಿಮ್ಮ ದಾಖಲೆಗಳು. ಕಂಪನಿಯ ಕೋಡ್, ಫೈಲ್ ಮಾತ್ರ ಮುಟ್ಟಬೇಡಿ. ನನ್ನ ಹೊಸ ಲಾಯರ್ ಕೇಳಿದ ದಿನವೇ ಎಲ್ಲ ಕಳಿಸೋಕಾಯ್ತು. ಅದಿಲ್ಲದಿದ್ರೆ 18 ದಿನ ಇದ್ದಿದ್ದು 25 ಆಗ್ತಿತ್ತು, 60ನೇ ದಿನ ದಾಟಿಹೋಗ್ತಿತ್ತು.

ಹಾಗೇ ಜೊತೆಗೆ ಕೆಲಸ ಮಾಡಿದವರ ಪಟ್ಟಿಯನ್ನೂ ಈಗಲೇ ಬರೆದಿಡಿ. ಕೆಲಸ ಹೋದ ದಿನ ಹೆಸರು ನೆನಪಾಗಲ್ಲ.

ಕೊನೇ ಮಾತು ಊರಲ್ಲಿ ಕೂತು ಕೇಳ್ತಾ ಇರೋರಿಗೆ. ನಿಮ್ಮ ಅಣ್ಣನೋ, ಅಕ್ಕನೋ, ಜೊತೆಗೆ ಓದಿದವರೋ ಅಲ್ಲಿ ಕೆಲಸ ಕಳ್ಕೊಂಡಿರಬಹುದು. ಅವರಿಗೆ ಫೋನ್ ಮಾಡಿ 'ಯಾಕಾಯ್ತು, ಹೇಗಾಯ್ತು' ಅಂತ ಕೇಳಬೇಡಿ. 'ನಿನ್ನ ಕೊನೇ ದಿನ ಯಾವತ್ತು, ಆಫರ್ ಯಾವ ದಿನದೊಳಗೆ ಬೇಕು' ಅಂತ ಕೇಳಿ. ಆಮೇಲೆ ನಿಮ್ಮ ಫೋನಲ್ಲಿರೋ ಹೆಸರುಗಳನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿ. ಅವರ ಮೂರು ಸಾಲನ್ನ ಕಳಿಸಬಹುದಾದ ಒಬ್ಬರು ಸಿಗ್ತಾರೆ.